ವ್ರತದ ಊಟದಲ್ಲಿ ಇಡೀ ಧಾನ್ಯದ ನಾರು



ಭಾದ್ರಪದದ ದಶಲಕ್ಷಣ ಪರ್ವವು ಮುಗಿದು ಅನಂತ ಚತುರ್ದಶಿಯ ಪೂಜೆಯು ಸಂಪನ್ನವಾದ ತರುವಾಯ ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತೊಂದುಂಟು: “ಏಕಾಸನ ನಮ್ಮ ದೇಹಕ್ಕೆ ಒಗ್ಗುವುದಿಲ್ಲ. ಎರಡನೆಯ ದಿನಕ್ಕೇ ಹೊಟ್ಟೆ ಕಟ್ಟಿತು. ನಾಲ್ಕನೆಯ ದಿನ ಉಬ್ಬರದಿಂದ ಸಾಮಾಯಿಕಕ್ಕೆ ಕೂಡಲಾಗಲಿಲ್ಲ.” ಹೀಗೆಂದವರು ಮರುವರ್ಷ ವ್ರತವನ್ನು ಅರ್ಧಕ್ಕೆ ಇಳಿಸುತ್ತಾರೆ, ಅದರ ಮರುವರ್ಷ ಬಿಟ್ಟೇಬಿಡುತ್ತಾರೆ. ಇದೇ ಮನೆಗಳ ಹಿರಿಯರು ಇದೇ ವ್ರತವನ್ನು ಹೊಲಮನೆಯ ಕೆಲಸದ ನಡುವೆಯೂ ನಡೆಸಿಕೊಂಡು ಬಂದವರು. ಹಾಗಾದರೆ ದೋಷವು ವ್ರತದಲ್ಲಿದೆಯೋ, ತಟ್ಟೆಯಲ್ಲಿದೆಯೋ? ಈ ಪಾಠದಲ್ಲಿ ಆ ಪ್ರಶ್ನೆಯನ್ನು ವಿಚಾರಮಾಡೋಣ.

ನಮ್ಮ ನೆಲದ ಧಾನ್ಯ

ಧಾರವಾಡ ಜಿಲ್ಲೆಯ ಅಣ್ಣಿಗೇರಿಯು ಪಾರ್ಶ್ವನಾಥ ಬಸದಿಯುಳ್ಳ ಪ್ರಾಚೀನ ಕ್ಷೇತ್ರ. ಆದಿಕವಿ ಪಂಪನ ನೆನಪಿನೊಡನೆ ಹೆಸರು ಕೂಡಿಕೊಂಡ ಊರು. ಸುತ್ತಣ ಎರೆಯ ಭೂಮಿಯು ಮುಂಗಾರಿನಲ್ಲಿ ಹೆಸರನ್ನೂ ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಗೋಧಿಗಳನ್ನೂ ಕೊಡುತ್ತದೆ. ಈ ಊರಿನ ಹೆಸರನ್ನೇ ಹೊತ್ತ “ಅಣ್ಣಿಗೇರಿ-1” ಎಂಬ ಕಡಲೆಯ ತಳಿಯು 1970ರ ದಶಕದಿಂದ ಮೊದಲ್ಗೊಂಡು ಕರ್ನಾಟಕದ ಎಲ್ಲೆಯನ್ನು ದಾಟಿ ಪ್ರಸಿದ್ಧವಾಯಿತು. ಅದಕ್ಕೆ ಸೊರಗು ರೋಗವನ್ನು ತಾಳುವ ಗುಣವನ್ನು ಕೂಡಿಸಿ ಈಚಿನ ವರ್ಷಗಳಲ್ಲಿ “ಸೂಪರ್ ಅಣ್ಣಿಗೇರಿ-1” ಎಂಬ ತಳಿಯನ್ನು ಸಿದ್ಧಪಡಿಸಿದ್ದಾರೆ.

ಈ ಭಾಗದ ಶ್ರಾವಕರ ಊಟವು ಬಹುಕಾಲ ಈ ಬೆಳೆಗಳ ಮೇಲೆಯೇ ನಿಂತಿತ್ತು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಜವೆಗೋಧಿಯ ಹುಗ್ಗಿ: ಇವು ನಿತ್ಯದ ಊಟವೂ ಹೌದು, ಪರ್ವದ ಊಟವೂ ಹೌದು. ಇಂದು ನಗರಗಳಲ್ಲಿರುವ ನಮ್ಮ ಮನೆಗಳಲ್ಲಿ ಪರ್ವದ ತಟ್ಟೆ ಬೇರೆಯಾಗಿದೆ. ನುಣುಪು ಮಾಡಿದ ಬಿಳಿಯ ಅಕ್ಕಿಯ ಅನ್ನ, ಮೈದಾಹಿಟ್ಟಿನ ಪೂರಿ, ಸಕ್ಕರೆಯ ಸಿಹಿ, ನೆರೆಹೊರೆಯವರಿಂದ ಕಲಿತ ಸಾಬೂದಾಣಿಯ ಖಿಚಡಿ ಅಲ್ಲಿ ಸೇರಿವೆ. ಸಾಬೂದಾಣಿಯು ಮರಗೆಣಸಿನ ಗಡ್ಡೆಯಿಂದ ತೆಗೆದ ಪಿಷ್ಟ. ಕಂದಮೂಲವನ್ನು ತ್ಯಜಿಸಿದವರು ಅದನ್ನು ವ್ರತದ ಆಹಾರವೆಂದು ಎಣಿಸುವ ಮುನ್ನ ಒಮ್ಮೆ ಯೋಚಿಸಬೇಕು. ಈ ಬದಲಾವಣೆಯಲ್ಲಿ ತಟ್ಟೆಯಿಂದ ಸದ್ದಿಲ್ಲದೆ ಜಾರಿಹೋದ ವಸ್ತುವೊಂದಿದೆ. ಅದೇ ನಾರು.

ನಾರು ಎಂದರೇನು?

ಧಾನ್ಯದ ಕಾಳಿನಲ್ಲಿ ಮೂರು ಭಾಗಗಳು. ಹೊರಗೆ ತೌಡಿನ ಪದರ, ಒಳಗೆ ಪಿಷ್ಟದ ತಿರುಳು, ಒಂದು ಮೂಲೆಯಲ್ಲಿ ಮೊಳಕೆಯ ಕಣ್ಣು. ತಿರುಳಿನ ಪಿಷ್ಟವನ್ನು ನಮ್ಮ ಜೊಲ್ಲು ಮತ್ತು ಸಣ್ಣಕರುಳಿನ ರಸಗಳು ಸಕ್ಕರೆಯಾಗಿ ಒಡೆಯಬಲ್ಲವು. ತೌಡಿನಲ್ಲಿ ಮತ್ತು ಬೇಳೆಕಾಳುಗಳ ಸಿಪ್ಪೆಯಲ್ಲಿ ಹೇರಳವಾಗಿರುವ ಕೆಲವು ಸಕ್ಕರೆಯ ಸರಪಳಿಗಳನ್ನು ಮಾತ್ರ ನಮ್ಮ ಯಾವ ರಸವೂ ಕತ್ತರಿಸಲಾರದು. ಅವು ಜೀರ್ಣವಾಗದೆ ದೊಡ್ಡಕರುಳಿಗೆ ಇಳಿಯುತ್ತವೆ. ಇವುಗಳನ್ನೇ ಆಹಾರದ ನಾರು ಎನ್ನುತ್ತಾರೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದಂತೆ 100 ಗ್ರಾಂ ಪದಾರ್ಥದಲ್ಲಿ ಇರುವ ನಾರು ಸ್ಥೂಲವಾಗಿ ಹೀಗಿದೆ: ಜೋಳದಲ್ಲಿ 10 ಗ್ರಾಂ, ಇಡೀ ಗೋಧಿಯ ಹಿಟ್ಟಿನಲ್ಲಿ 11 ಗ್ರಾಂ, ಇಡೀ ಹೆಸರುಕಾಳಿನಲ್ಲಿ 17 ಗ್ರಾಂ, ಸಿಪ್ಪೆ ತೆಗೆದ ಹೆಸರುಬೇಳೆಯಲ್ಲಿ 9 ಗ್ರಾಂ, ಇಡೀ ಕಡಲೆಯಲ್ಲಿ 25 ಗ್ರಾಂ, ಕಡಲೆಬೇಳೆಯಲ್ಲಿ 15 ಗ್ರಾಂ. ಮೈದಾದಲ್ಲಿಯೂ ನುಣುಪಾದ ಬಿಳಿಯಕ್ಕಿಯಲ್ಲಿಯೂ 3 ಗ್ರಾಮಿಗಿಂತ ಕಡಿಮೆ. ಒಂದೇ ಗೋಧಿ, ಆದರೆ ಯಂತ್ರದಲ್ಲಿ ತೌಡು ಕಳೆದು ಮೈದಾ ಆಗುವಷ್ಟರಲ್ಲಿ ಅದರ ನಾರಿನ ಮುಕ್ಕಾಲು ಪಾಲು ಹೋಗಿರುತ್ತದೆ.

ದೊಡ್ಡಕರುಳಿನ ನಿವಾಸಿಗಳು

ಹಾಲೆಂಡಿನ ಲೇವನ್‌ಹುಕ್ ಎಂಬಾತನು 17ನೆಯ ಶತಮಾನದಲ್ಲಿ ತಾನೇ ಉಜ್ಜಿ ಮಾಡಿದ ಮಸೂರದ ಮೂಲಕ ತನ್ನ ಹಲ್ಲಿನ ಕೊಳೆಯಲ್ಲಿ ಚಲಿಸುವ ಅತಿಸೂಕ್ಷ್ಮ ಜೀವಿಗಳನ್ನು ಕಂಡನು. ಇಂದಿನ ಎಣಿಕೆ ಅದಕ್ಕಿಂತ ಬಹು ವಿಸ್ತಾರವಾದುದು. 2016ರಲ್ಲಿ ಪ್ರಕಟವಾದ ಒಂದು ಗಣನೆಯಂತೆ 70 ಕಿಲೋ ತೂಕದ ಮನುಷ್ಯನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಅವನ ಸ್ವಂತ ಜೀವಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಈ ಬ್ಯಾಕ್ಟೀರಿಯಾಗಳಲ್ಲಿ ಬಹುತೇಕ ಎಲ್ಲವೂ ದೊಡ್ಡಕರುಳಿನಲ್ಲಿಯೇ ಇವೆ. ಒಟ್ಟು ತೂಕ ಸುಮಾರು 200 ಗ್ರಾಂ.

ನಮ್ಮ ರಸಗಳಿಗೆ ಮಣಿಯದ ನಾರು ಇವುಗಳಿಗೆ ಆಹಾರ. ಇವುಗಳಲ್ಲಿ ಕೆಲವು ಜಾತಿಗಳು ಸಕ್ಕರೆಯ ಸರಪಳಿಗಳನ್ನು ಕತ್ತರಿಸುವ 200ಕ್ಕೂ ಮೀರಿದ ಕಿಣ್ವಗಳನ್ನು ತಯಾರಿಸಬಲ್ಲವು. ನಾರನ್ನು ಹುದುಗಿಸಿ ಇವು ಅಸಿಟೇಟ್, ಪ್ರೊಪಿಯೊನೇಟ್, ಬ್ಯೂಟಿರೇಟ್ ಎಂಬ ಮೂರು ಕಿರು ಆಮ್ಲಗಳನ್ನು ಬಿಡುಗಡೆಮಾಡುತ್ತವೆ. ದೊಡ್ಡಕರುಳಿನ ಒಳಪದರದ ಜೀವಕೋಶಗಳು ತಮಗೆ ಬೇಕಾದ ಶಕ್ತಿಯ ಬಹುಪಾಲನ್ನು ಈ ಬ್ಯೂಟಿರೇಟಿನಿಂದಲೇ ಪಡೆಯುತ್ತವೆ. ಇದರಿಂದ ಪದರವು ಗಟ್ಟಿಯಾಗಿ ನಿಲ್ಲುತ್ತದೆ, ಉರಿಯೂತ ತಗ್ಗುತ್ತದೆ. ಹುದುಗದೆ ಉಳಿದ ಒರಟು ನಾರು ನೀರನ್ನು ಹಿಡಿದುಕೊಂಡು ಮಲವನ್ನು ಮೃದುವಾಗಿಸುತ್ತದೆ. ಆದುದರಿಂದ ಇಡೀ ಧಾನ್ಯದ ರೊಟ್ಟಿಯನ್ನು ಉಂಡವನು ಎರಡು ಸಲ ಪೋಷಣೆ ಪಡೆದಂತೆ. ಮೊದಲು ಸಣ್ಣಕರುಳಿನಲ್ಲಿ ಪಿಷ್ಟದಿಂದ. ಅನೇಕ ಗಂಟೆಗಳ ಅನಂತರ ದೊಡ್ಡಕರುಳಿನಲ್ಲಿ ನಾರಿನಿಂದ.

ಏಕಾಸನದ ವ್ರತಿಗೆ ಈ ಎರಡನೆಯ ಪೋಷಣೆಯು ವಿಶೇಷವಾಗಿ ಸಲ್ಲುತ್ತದೆ. ಮಧ್ಯಾಹ್ನದ ಮೊದಲೇ ಒಂದು ಊಟವನ್ನು ಮುಗಿಸಿದವನ ದೊಡ್ಡಕರುಳಿಗೆ ರಾತ್ರಿಯ ಹೊತ್ತಿನಲ್ಲಿ ತಲಪುವುದು ಆ ನಾರೇ.

ಪ್ರತ್ಯಕ್ಷ ಪ್ರಮಾಣಗಳು

ಇದು ಊಹೆಯ ಮಾತಲ್ಲ. 2010ರಲ್ಲಿ ಇಟಲಿಯ ಸಂಶೋಧಕರು ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಬೂಲ್ಪೋನ್ ಎಂಬ ಹಳ್ಳಿಯ 14 ಮಕ್ಕಳನ್ನೂ ಇಟಲಿಯ ಫ್ಲಾರೆನ್ಸ್ ನಗರದ 15 ಮಕ್ಕಳನ್ನೂ ಹೋಲಿಸಿದ ವರದಿಯನ್ನು ಪ್ರಕಟಿಸಿದರು. ಆ ಹಳ್ಳಿಯ ಮುಖ್ಯ ಆಹಾರ ನಮ್ಮ ಎರೆಸೀಮೆಯವರಿಗೆ ಅಪರಿಚಿತವಲ್ಲ: ಜೋಳ, ಸಿರಿಧಾನ್ಯ ಮತ್ತು ದ್ವಿದಳ ಕಾಳು. ಹಳ್ಳಿಯ ಮಕ್ಕಳ ಕರುಳಿನಲ್ಲಿ ನಾರನ್ನು ಒಡೆಯುವ ಪ್ರಿವೊಟೆಲ್ಲಾ ಮೊದಲಾದ ಬ್ಯಾಕ್ಟೀರಿಯಾಗಳು ಹೇರಳವಾಗಿದ್ದವು. ಮೇಲೆ ಹೇಳಿದ ಕಿರು ಆಮ್ಲಗಳೂ ಹೆಚ್ಚಾಗಿದ್ದವು. ನಮ್ಮ ದೇಶದಲ್ಲಿಯೇ ಭೋಪಾಲ ಮತ್ತು ಕೇರಳದ 110 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ, ಹೆಚ್ಚಾಗಿ ಸಸ್ಯಾಹಾರವನ್ನೇ ನೆಚ್ಚಿದ ಭೋಪಾಲದವರಲ್ಲಿ ಪ್ರಿವೊಟೆಲ್ಲಾ ಪ್ರಧಾನವಾಗಿ ಕಂಡಿತು.

2015ರ ಇನ್ನೊಂದು ಪ್ರಯೋಗವು ಹೆಚ್ಚು ಬೋಧಪ್ರದವಾದುದು. ಆಫ್ರಿಕನ್ ಮೂಲದ 20 ಮಂದಿ ಅಮೆರಿಕನ್ನರಿಗೆ ದಕ್ಷಿಣ ಆಫ್ರಿಕಾದ ಹಳ್ಳಿಯ ಊಟವನ್ನೂ, ಆ ಹಳ್ಳಿಗರಲ್ಲಿ 20 ಮಂದಿಗೆ ಅಮೆರಿಕದ ಊಟವನ್ನೂ ಎರಡು ವಾರ ಕೊಟ್ಟರು. ಮೊದಲನೆಯವರ ನಾರು ದಿನಕ್ಕೆ 14 ಗ್ರಾಮಿನಿಂದ 55 ಗ್ರಾಮಿಗೆ ಏರಿತು. ಎರಡನೆಯವರದು 66 ಗ್ರಾಮಿನಿಂದ 12 ಗ್ರಾಮಿಗೆ ಇಳಿಯಿತು. ಎರಡೇ ವಾರಗಳಲ್ಲಿ ಮೊದಲನೆಯವರಲ್ಲಿ ಬ್ಯೂಟಿರೇಟ್ ಹೆಚ್ಚಿ ಕರುಳಿನ ಉರಿಯೂತದ ಲಕ್ಷಣಗಳು ತಗ್ಗಿದವು. ಎರಡನೆಯವರಲ್ಲಿ ಇದಕ್ಕೆ ವಿರುದ್ಧವಾದ ಬದಲಾವಣೆಗಳು ಕಂಡವು. ಊಟದಲ್ಲಿ ಕೊಬ್ಬು, ಮಾಂಸಗಳ ಪ್ರಮಾಣವೂ ಬದಲಾಗಿದ್ದುದರಿಂದ ಫಲವೆಲ್ಲವೂ ನಾರೊಂದರದೇ ಎನ್ನಲಾಗದು. ಆದರೂ ಕರುಳಿನ ಸ್ಥಿತಿಯು ಊಟವನ್ನು ಅನುಸರಿಸಿ ಎಷ್ಟು ಬೇಗ ಬದಲಾಗುತ್ತದೆಂಬುದು ಇದರಿಂದ ಸ್ಪಷ್ಟ. ಹತ್ತು ದಿನಗಳ ಪರ್ವವು ಚಿಕ್ಕ ಅವಧಿಯೆಂದು ತಟ್ಟೆಯನ್ನು ಅಲಕ್ಷಿಸುವಂತಿಲ್ಲ.

ನಾರು ದೊರೆಯದಿದ್ದರೆ?

ನಾರು ಬಾರದಿದ್ದಾಗ ಆ ಜೀವಿಗಳು ಸುಮ್ಮನಿರುವುದಿಲ್ಲ. ಕರುಳಿನ ಒಳಗೋಡೆಯನ್ನು ಕಾಯುವ ಲೋಳೆಯ ಪದರವೂ ಸಕ್ಕರೆಯ ಸರಪಳಿಗಳಿಂದಲೇ ಆದುದು. ನಾರಿಲ್ಲದ ಆಹಾರ ಕೊಟ್ಟ ಇಲಿಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಈ ಲೋಳೆಯನ್ನೇ ತಿಂದು ಪದರವನ್ನು ತೆಳುವಾಗಿಸಿದವೆಂದೂ, ಆಗ ರೋಗಾಣುಗಳ ಬಾಧೆ ಹೆಚ್ಚಿತೆಂದೂ 2016ರಲ್ಲಿ ಕಂಡುಕೊಂಡರು. ಅದೇ ವರ್ಷ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಇಲಿಗಳ ನಾಲ್ಕು ತಲೆಮಾರುಗಳಿಗೆ ನಾರು ಕಡಿಮೆಯಿರುವ ಆಹಾರವನ್ನೇ ಕೊಟ್ಟರು. ತಲೆಮಾರಿನಿಂದ ತಲೆಮಾರಿಗೆ ಕರುಳಿನ ಜೀವಿಜಾತಿಗಳು ಕಳೆದುಹೋಗುತ್ತ ಬಂದವು. ಕೊನೆಯ ತಲೆಮಾರಿಗೆ ಮತ್ತೆ ನಾರನ್ನು ಕೊಟ್ಟಾಗಲೂ ಅವು ಮರಳಲಿಲ್ಲ. ಇಲಿಯ ಮಾತು ಇಲಿಯದೇ. ಅದನ್ನು ಹಾಗೆಯೇ ಮನುಷ್ಯನಿಗೆ ಅನ್ವಯಿಸಬಾರದು. ಆದರೂ ಮಕ್ಕಳಿಗೆ ಮನೆ ಹೊಲಗಳಂತೆ ಇದೂ ಒಂದು ದಾಯವಾಗಿರಬಹುದೆಂಬ ಎಚ್ಚರವನ್ನು ತಾಯಂದಿರು ಇಟ್ಟುಕೊಳ್ಳುವುದು ಲೇಸು.

ಈಗ ನಮ್ಮ ನಿಯಮಗಳನ್ನು ನೋಡಿ. ಕಂದಮೂಲಗಳನ್ನು ನಾವು ಎಂದಿಗೂ ಮುಟ್ಟುವುದಿಲ್ಲ. ಚಾತುರ್ಮಾಸದಲ್ಲಿ ಸೊಪ್ಪನ್ನು ಬಿಡುತ್ತೇವೆ. ಅಷ್ಟಮಿ, ಚತುರ್ದಶಿಗಳಲ್ಲಿ ಅನೇಕರು ಹಸುರನ್ನೇ ತ್ಯಜಿಸುತ್ತಾರೆ. ಅನ್ಯರಿಗೆ ಗಜ್ಜರಿ, ಗೆಣಸು, ಸೊಪ್ಪುಗಳಿಂದ ಬರುವ ನಾರು ಆ ದಿನಗಳಲ್ಲಿ ನಮಗಿಲ್ಲ. ಉಳಿಯುವುದು ಧಾನ್ಯ ಮತ್ತು ಕಾಳು ಮಾತ್ರ. ಆ ಧಾನ್ಯದ ತೌಡನ್ನೂ ಕಾಳಿನ ಸಿಪ್ಪೆಯನ್ನೂ ಕಳೆದೆವೆಂದರೆ ಕರುಳಿಗೆ ಏನೂ ಉಳಿಯದು. ಹಿರಿಯರ ತ್ಯಾಗಗಳ ಪಟ್ಟಿಯನ್ನು ಇಟ್ಟುಕೊಂಡು ಅವರ ರೊಟ್ಟಿಯನ್ನು ಬಿಟ್ಟುದೇ ನಮ್ಮ ತೊಂದರೆಯ ಮೂಲ. ವ್ರತವು ಹೊಟ್ಟೆಯನ್ನು ಕಟ್ಟಲಿಲ್ಲ, ಮೈದಾ ಕಟ್ಟಿತು.

ಅಡುಗೆಮನೆಯಲ್ಲಿ ಆಚರಣೆ

ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಾಯಸ್ಥರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ಹೇಳಿದೆ. ಏಕಾಸನದ ಒಂದೇ ಊಟದಲ್ಲಿ ಇದು ಸಾಧ್ಯವೇ? ಲೆಕ್ಕ ಹಾಕಿರಿ. 150 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಗಳಲ್ಲಿ 15 ಗ್ರಾಂ. 50 ಗ್ರಾಂ ಇಡೀ ಹೆಸರುಕಾಳಿನ ಪಲ್ಯದಲ್ಲಿ ಎಂಟೂವರೆ ಗ್ರಾಂ. ಜೊತೆಗೆ ಹೀರೇಕಾಯಿಯೋ ಅವರೇಕಾಯಿಯೋ ಸೇರಿದರೆ 25 ತುಂಬಿತು. ಅಷ್ಟೇ ತೂಕದ ಬಿಳಿಯಕ್ಕಿಯ ಅನ್ನದಿಂದ ಬರುವುದು ಸುಮಾರು 4 ಗ್ರಾಂ ಮಾತ್ರ.

ಹಿಟ್ಟಿನ ವಿಷಯ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನವೆಂಬ ಮರ್ಯಾದೆಯನ್ನು ನಾವು ಪಾಲಿಸುತ್ತೇವೆ. ಈ ಮರ್ಯಾದೆಯು ಇಡೀ ಧಾನ್ಯದ ಹಿಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಮೊಳಕೆಯ ಕಣ್ಣಿನಲ್ಲಿರುವ ಎಣ್ಣೆಯಂಶವು ಬೀಸಿದ ಮೇಲೆ ಗಾಳಿಗೆ ಕನರುತ್ತದೆ. ಆದುದರಿಂದ ಅಂತಹ ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಬೀಸಿಕೊಳ್ಳುವುದೇ ಸರಿ. ತಿಂಗಳುಗಟ್ಟಲೆ ಕೆಡದೆ ಉಳಿಯುವ ಮೈದಾ ಹಾಗೆ ಉಳಿಯುವುದು ತೌಡನ್ನೂ ಮೊಳಕೆಯ ಕಣ್ಣನ್ನೂ ಕಳೆದುಕೊಂಡದ್ದರಿಂದ.

ಸಾಣಿಗೆಯ ವಿಷಯ. ಹಿಟ್ಟನ್ನು ಸೋಸುವುದು ಜೀವರಕ್ಷಣೆಗಾಗಿ, ತೌಡನ್ನು ಚೆಲ್ಲುವುದಕ್ಕಲ್ಲ. ಸಾಣಿಗೆಯಲ್ಲಿ ಉಳಿದುದನ್ನು ಬೆಳಕಿನಲ್ಲಿ ನಿಧಾನವಾಗಿ ಪರೀಕ್ಷಿಸಿ, ಹುಳುವಿದ್ದರೆ ಯತ್ನಪೂರ್ವಕವಾಗಿ ಬೇರ್ಪಡಿಸಿ, ಶುದ್ಧವಾದ ತೌಡನ್ನು ಹಿಟ್ಟಿಗೆ ಮರಳಿ ಸೇರಿಸಿರಿ.

ಕಾಳಿನ ವಿಷಯ. ಮಳೆಗಾಲದಲ್ಲಿ ಇಡೀ ಕಾಳಿನೊಳಗೆ ಹುಳು ಅಡಗಿರಬಹುದೆಂಬ ಶಂಕೆಯಿಂದ ಅನೇಕ ಶ್ರಾವಿಕೆಯರು ಬೇಳೆಯನ್ನೇ ಬಳಸುತ್ತಾರೆ. ಈ ವಿವೇಕ ಸ್ತುತ್ಯವಾದುದು. ಅಂತಹವರು ಸಿಪ್ಪೆಯನ್ನು ತೆಗೆಯದೆ ಒಡೆದ ಹೆಸರಿನ ಸಿಪ್ಪೆಬೇಳೆಯನ್ನು ಆರಿಸಿಕೊಳ್ಳಬಹುದು. ಒಡೆದುದರಿಂದ ಒಳಗು ಕಾಣುತ್ತದೆ. ಸಿಪ್ಪೆಯಿರುವುದರಿಂದ ನಾರೂ ಉಳಿಯುತ್ತದೆ. ಕಾಳು ಬೇಳೆಗಳಿರುವ ಊಟದಲ್ಲಿ ಹಸಿಹಾಲಿನ ಮೊಸರು ಮಜ್ಜಿಗೆಗಳನ್ನು ಕೂಡಿಸದೆ ದ್ವಿದಳದ ದೋಷವನ್ನು ತಪ್ಪಿಸಿರಿ. ಜೋಳವು ದ್ವಿದಳವಲ್ಲವಾದುದರಿಂದ ಬರಿಯ ರೊಟ್ಟಿಯೊಡನೆ ಮರ್ಯಾದೆಯೊಳಗಿನ ಮಜ್ಜಿಗೆಗೆ ಈ ಅಡ್ಡಿಯಿಲ್ಲ.

ನೀರಿನ ವಿಷಯ. ನೀರಿಲ್ಲದ ನಾರು ಉಪಕಾರದ ಬದಲು ಅಪಕಾರವನ್ನೇ ಮಾಡೀತು. ನಿಯಮವು ಅನುಮತಿಸುವ ಹೊತ್ತಿನಲ್ಲಿ, ಅನುಮತಿಸಿದಷ್ಟು ಪ್ರಾಸುಕ ಜಲವನ್ನು ಸಾವಕಾಶವಾಗಿ ಕುಡಿಯಬೇಕು.

ಅಭ್ಯಾಸದ ವಿಷಯ. ವರ್ಷವಿಡೀ ಅನ್ನ ಮೈದಾಗಳನ್ನು ಉಂಡು ಪಂಚಮಿಯ ದಿನ ಒಮ್ಮೆಲೇ ಕಡಲೆಗೆ ಹಾರಿದರೆ ವಾಯು ಹೆಚ್ಚುತ್ತದೆ. ಏಕೆಂದರೆ ಹುದುಗುವಿಕೆಯಲ್ಲಿ ಅನಿಲವೂ ಹುಟ್ಟುತ್ತದೆ. ಶ್ರಾವಣದಿಂದಲೇ ಎರಡು ಮೂರು ವಾರಗಳಲ್ಲಿ ಮೆಲ್ಲಗೆ ಹೆಚ್ಚಿಸಿದರೆ ಕರುಳಿನ ಜೀವಿಗಳೂ ಹೊಂದಿಕೊಳ್ಳುತ್ತವೆ.

ಧಾರಣೆ ಮತ್ತು ಪಾರಣೆ

ಪ್ರೋಷಧೋಪವಾಸದಲ್ಲಿ ಸಪ್ತಮಿಯಂದು ಏಕಾಸನ, ಅಷ್ಟಮಿಯಂದು ಉಪವಾಸ, ನವಮಿಯಂದು ಮತ್ತೆ ಏಕಾಸನ. ನಡುವಿನ ನಿರಾಹಾರವನ್ನು ಹೊತ್ತು ನಿಲ್ಲುವುದು ಧಾರಣೆಯ ಒಂದು ಊಟ. ಅದು ಸಿಹಿ ಕರಿದ ತಿಂಡಿಗಳ ಊಟವಾದರೆ ಬೇಗ ಹಸಿವೆ ಬಾಧಿಸುತ್ತದೆ. ರೊಟ್ಟಿ ಸಿಪ್ಪೆಬೇಳೆಗಳ ಊಟವಾದರೆ ನಿಧಾನವಾಗಿ ಜೀರ್ಣವಾಗಿ ಉಪವಾಸದ ದಿನವನ್ನು ಸಮಾಧಾನವಾಗಿ ಕಳೆಯಲು ನೆರವಾಗುತ್ತದೆ. ಅವಮೋದರ್ಯ ತಪವನ್ನು ಅಭ್ಯಾಸಮಾಡುವವರಿಗೂ ಇದೇ ಮಾತು: ನಾರಿನ ಊಟವು ಕಡಿಮೆ ತುತ್ತಿನಲ್ಲಿಯೇ ತೃಪ್ತಿಯನ್ನು ಕೊಡುತ್ತದೆ.

ಪಾರಣೆಯಲ್ಲಿ ಕ್ರಮವು ಬೇರೆ. ದೀರ್ಘ ನಿರಾಹಾರದ ಅನಂತರ ಆದಿನಾಥ ಸ್ವಾಮಿಯು ಹಸ್ತಿನಾಪುರದಲ್ಲಿ ಶ್ರೇಯಾಂಸರಾಜನಿಂದ ಸ್ವೀಕರಿಸಿದ ಮೊದಲ ಆಹಾರವು ಕಬ್ಬಿನ ರಸವಾಗಿತ್ತೆಂಬುದನ್ನು ಅಕ್ಷಯ ತೃತೀಯೆಯಂದು ನಾವೆಲ್ಲ ಸ್ಮರಿಸುತ್ತೇವೆ. ಗೃಹಸ್ಥರೂ ಹಲವು ದಿನಗಳ ಉಪವಾಸದ ಅನಂತರ ಮೊದಲು ದ್ರವವನ್ನೂ, ಆಮೇಲೆ ಹೆಸರುಬೇಳೆಯ ತಿಳಿಯಂತಹ ಮೃದು ಆಹಾರವನ್ನೂ ಸ್ವಲ್ಪ ಸ್ವಲ್ಪವಾಗಿ ಕೊಂಡು, ಎರಡು ಮೂರು ದಿನಗಳಲ್ಲಿ ರೊಟ್ಟಿಗೆ ಮರಳಬೇಕು. ಮಧುಮೇಹಕ್ಕೆ ಔಷಧ ಕೊಳ್ಳುವವರು, ಗರ್ಭಿಣಿಯರು, ಮೂತ್ರಪಿಂಡದ ಅಥವಾ ಕರುಳಿನ ರೋಗವುಳ್ಳವರು ವೈದ್ಯರನ್ನು ಕೇಳದೆ ದೀರ್ಘ ಉಪವಾಸವನ್ನಾಗಲಿ, ಆಹಾರದ ದೊಡ್ಡ ಬದಲಾವಣೆಯನ್ನಾಗಲಿ ಕೈಕೊಳ್ಳಬಾರದು. ತಪವು ಶಕ್ತಿಗೆ ತಕ್ಕಂತೆ ಇರಬೇಕೆಂಬುದು ನಮ್ಮ ಆಚಾರ್ಯರ ಉಪದೇಶವೇ ಆಗಿದೆ.

ಶಂಕೆ ಮತ್ತು ಸಮಾಧಾನ

ಶಂಕೆ: ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾ ಬೇಕೆಂದು ವೈದ್ಯರು ಅವುಗಳ ಪುಡಿಯನ್ನೂ ಗುಳಿಗೆಯನ್ನೂ ಹೇಳುತ್ತಾರೆ. ರಾತ್ರಿ ಹುದುಗಿಸಿದ ಹಿಟ್ಟಿನ ತಿಂಡಿಯನ್ನು ಬಿಟ್ಟಿರುವ ನಾವು ಏನು ಮಾಡಬೇಕು?

ಸಮಾಧಾನ: ಚಿಕಿತ್ಸೆಯ ಮಾತು ಬೇರೆ, ಅದನ್ನು ವೈದ್ಯರೊಡನೆ ಇತ್ಯರ್ಥಪಡಿಸಿಕೊಳ್ಳಬೇಕು. ಆರೋಗ್ಯವಂತನು ಜೀವಿಗಳನ್ನು ಹೊರಗಿನಿಂದ ತಿನ್ನಬೇಕಾಗಿಲ್ಲ. ಅವು ಹುಟ್ಟಿದ ದಿನದಿಂದ ಅವನೊಳಗೆ ನೆಲಸತೊಡಗಿವೆ. ಅವುಗಳ ಪಾಲಿನ ನಾರನ್ನು ಕೊಟ್ಟರೆ ಸಾಕು.

ಶಂಕೆ: ನಮ್ಮೊಳಗೆ ಇಷ್ಟು ಜೀವಿಗಳಿದ್ದರೆ ಊಟದಿಂದಲೂ ಉಪವಾಸದಿಂದಲೂ ಹಿಂಸೆಯಾಗದೆ?

ಸಮಾಧಾನ: ಮನುಷ್ಯದೇಹವು ನಿಗೋದ ಜೀವಿಗಳಿಗೆ ಆಶ್ರಯವೆಂದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿಯೇ ನಿರೂಪಣೆಯಿದೆ. ಆದರೆ ಶಾಸ್ತ್ರದ ನಿಗೋದವೂ ಸೂಕ್ಷ್ಮದರ್ಶಕದ ಬ್ಯಾಕ್ಟೀರಿಯಾವೂ ಒಂದೇ ಎಂದು ಅವಸರದಿಂದ ಹೇಳಬಾರದು. ಒಂದರ ಲಕ್ಷಣವನ್ನು ಶಾಸ್ತ್ರವೂ ಇನ್ನೊಂದರದನ್ನು ಪ್ರಯೋಗಾಲಯವೂ ಬೇರೆ ಬೇರೆ ನೆಲೆಗಳಿಂದ ಹೇಳುತ್ತವೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು ಮುಂದಿಟ್ಟಿದೆ. ದೇಹಧರ್ಮದಿಂದ ತಾನಾಗಿ ನಡೆಯುವುದಕ್ಕೂ ನಾಲಗೆಯ ಚಪಲದಿಂದ ನಾವು ಮಾಡುವುದಕ್ಕೂ ಇರುವ ಅಂತರವನ್ನು ಇದರಿಂದ ತಿಳಿಯಬೇಕು.

ಸಾರಾಂಶ

ನಾರು ನಮಗೆ ಜೀರ್ಣವಾಗದು, ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುವುದು. ಅವು ಕೊಡುವ ಆಮ್ಲಗಳು ಕರುಳನ್ನು ಪೋಷಿಸುವುವು. ನಮ್ಮ ತ್ಯಾಗಗಳು ಹೆಚ್ಚಿದಷ್ಟೂ ಇಡೀ ಧಾನ್ಯ ಮತ್ತು ಸಿಪ್ಪೆಸಹಿತ ಕಾಳಿನ ಅವಶ್ಯಕತೆ ಹೆಚ್ಚುವುದು. ಹೆಚ್ಚಿಸುವಾಗ ಮೆಲ್ಲಗೆ, ನೀರಿನೊಡನೆ ಹೆಚ್ಚಿಸಬೇಕು.

ಮನೆಯಲ್ಲಿ ಕೂಡಿ ವಿಚಾರಿಸಲು ಮೂರು ಪ್ರಶ್ನೆಗಳು: ಕಳೆದ ಪರ್ವದಲ್ಲಿ ನಮ್ಮ ತಟ್ಟೆಯಲ್ಲಿ ತೌಡುಸಹಿತವಾದ ಧಾನ್ಯ ಎಷ್ಟು ದಿನ ಇತ್ತು? ಸಾಣಿಗೆಯಲ್ಲಿ ಉಳಿದುದನ್ನು ನಾವು ಏನು ಮಾಡುತ್ತೇವೆ? ಮನೆಯಲ್ಲಿ ಯಾರಾದರೂ ದೇಹಕ್ಕೆ ಒಗ್ಗದೆಂದು ಏಕಾಸನವನ್ನು ಬಿಟ್ಟಿದ್ದರೆ, ಆಗ ಅವರು ಉಣ್ಣುತ್ತಿದ್ದುದು ಏನು? ಮೂರನೆಯ ಪ್ರಶ್ನೆಗೆ ಉತ್ತರ ಕಂಡುಕೊಂಡವರು ಬರುವ ಪರ್ವದಲ್ಲಿ ರೊಟ್ಟಿಯೊಡನೆ ಆ ವ್ರತವನ್ನು ಮತ್ತೊಮ್ಮೆ ಕೈಕೊಳ್ಳಲಿ.